ಕಾಶಿಯಲ್ಲಿ ರೈಲಿಳಿದ ಮೇಲೆ: ಅಮ್ಮ, ಮಕ್ಕಳು, ಏಳು ಬ್ಯಾಗು ಸಮೇತ ಹೋಟೆಲ್ ಸೇರುವುದು ಹೇಗೆ

ನಮ್ಮ ಮನೆಯಲ್ಲಿ ಕಾಶಿಗೆ ಹೋಗುವ ಮಾತು ಬಂದಾಗ ಎಲ್ಲರ ತಲೆಯಲ್ಲೂ ಇದ್ದದ್ದು ರೈಲೇ. ಟಿಕೆಟ್ ಸಿಗುತ್ತದಾ, ಅಮ್ಮನಿಗೆ ಲೋವರ್ ಬರ್ತ್ ಸಿಗುತ್ತದಾ, ಎರಡು ರಾತ್ರಿ ಊಟಕ್ಕೇನು. ಅದೆಲ್ಲ ಸಲೀಸಾಗಿ ಆಯಿತು. ನಾವು ಸೋತಿದ್ದು ಕೊನೆಯ ನಾನೂರು ಮೀಟರಿನಲ್ಲಿ. ಹೋಟೆಲಿನವರು ಫೋನಿನಲ್ಲಿ ‘ಗೊದೌಲಿಯಾದಿಂದ ಐದೇ ನಿಮಿಷ’ ಅಂದಿದ್ದರು. ಗೊದೌಲಿಯಾ ಅಂದರೆ ವಿಶ್ವನಾಥನ ಗುಡಿ, ದಶಾಶ್ವಮೇಧ ಘಾಟಿನ ಹತ್ತಿರದ ದೊಡ್ಡ ಚೌಕ. ಆ ಐದು ನಿಮಿಷಕ್ಕೆ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಟ್ರಾಲಿ ಬ್ಯಾಗಿನ ಚಕ್ರ ಕಲ್ಲಿನ ಸಂದಿಯಲ್ಲೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಹಾಗೆ.

ಎರಡನೇ ಸಲ ಹೋದಾಗ ಲೆಕ್ಕ ತಿರುಗಿಸಿದೆವು. ಸ್ಟೇಷನ್ನಿನಿಂದ ಶುರು ಮಾಡದೆ ಹೋಟೆಲಿನ ಬಾಗಿಲಿನಿಂದ ಹಿಂದಕ್ಕೆ ಯೋಚಿಸಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಚಕ್ರ ಎಲ್ಲಿ ನಿಲ್ಲುತ್ತದೆ ಅಂತ ಕೇಳಿ

ಹೋಟೆಲ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ. ‘ಗಂಗೆಗೆ ಎಷ್ಟು ದೂರ’ ಅಂತ ಎಲ್ಲರೂ ಕೇಳುತ್ತಾರೆ. ನೀವು ಕೇಳಬೇಕಾದ್ದು ಬೇರೆ. ‘ಆಟೋ ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ನಿಮ್ಮ ಬಾಗಿಲಿಗೆ ಎಷ್ಟು ಮೀಟರ್? ನಡುವೆ ಎಷ್ಟು ಮೆಟ್ಟಿಲು? ಬ್ಯಾಗು ಹೊರಲು ಹುಡುಗನನ್ನು ಕಳಿಸುತ್ತೀರಾ?’ ನಿಮಿಷದ ಲೆಕ್ಕ ಹೇಳಿದರೆ ಒಪ್ಪಬೇಡಿ. ಅದು ಬರಿಗೈಲಿ ನಡೆಯುವ ಬನಾರಸಿಯ ನಿಮಿಷ. ನಮ್ಮ ಅಮ್ಮಂದಿರ ನಿಮಿಷ ಬೇರೆ.

ಈ ಪ್ರಶ್ನೆಗಳು ಯಾಕೆ ಅಂದರೆ, ಹಳೆ ಕಾಶಿ ಗಲ್ಲಿಗಳ ಊರು. ಕೆಲವು ಗಲ್ಲಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಒರಗಬೇಕು. ವಿಶ್ವನಾಥನ ಗುಡಿ ಇರುವ ಗೊದೌಲಿಯಾ-ಮೈದಾಗಿನ್ ರಸ್ತೆಯಲ್ಲಿ ಹಗಲು ಹೊತ್ತು ಆಟೋ, ಕಾರು ಬಿಡುವುದಿಲ್ಲ. ಪೊಲೀಸರು ಬ್ಯಾರಿಕೇಡ್ ಹಾಕಿರುತ್ತಾರೆ. ನಿಮ್ಮ ಹೋಟೆಲ್ ಅದರ ಒಳಗಿದ್ದರೆ ನಡೆಯುವುದು ಗ್ಯಾರಂಟಿ.

ಹೋಟೆಲಿನ ವಿಳಾಸವೇ ಅರ್ಧ ಕಥೆ ಹೇಳುತ್ತದೆ. ಕಾಶಿಯ ಮನೆ ನಂಬರುಗಳು ಅಕ್ಷರದಿಂದ ಶುರುವಾಗುತ್ತವೆ. ‘ಡಿ’ ಅಂತಿದ್ದರೆ ದಶಾಶ್ವಮೇಧದ ಕಡೆ. ‘ಬಿ’ ಅಂದರೆ ಭೇಲೂಪುರದ ಕಡೆ, ಅಸ್ಸಿ ಘಾಟೂ ಇದರಲ್ಲೇ ಬರುತ್ತದೆ. ‘ಸಿಕೆ’ ಅಂತಿದ್ದರೆ ಚೌಕ್, ಮಣಿಕರ್ಣಿಕಾದ ಕಡೆ. ಸಾಮಾನು ಜಾಸ್ತಿ ಇರುವವರು ‘ಸಿಕೆ’ ನೋಡಿದ ಕೂಡಲೇ ಎರಡು ಸಲ ಯೋಚಿಸಬೇಕು. ಗಲ್ಲಿಗಳು ಇಕ್ಕಟ್ಟಾಗಿರುವುದು ಅಲ್ಲೇ.

ನನ್ನ ಅಭಿಪ್ರಾಯ ಕೇಳಿದರೆ, ವಯಸ್ಸಾದವರೂ ಚಿಕ್ಕ ಮಕ್ಕಳೂ ಇದ್ದರೆ ಅಸ್ಸಿಯ ಕಡೆ ಉಳಿಯಿರಿ. ಘಾಟಿನ ಹತ್ತಿರದವರೆಗೂ ರಸ್ತೆ ಇದೆ. ಗುಡಿಗೆ ದೂರವಾಗುತ್ತದೆ, ನಿಜ. ಆದರೆ ಗುಡಿಗೆ ಹೋಗುವಾಗ ಕೈಯಲ್ಲಿ ಬ್ಯಾಗು ಇರುವುದಿಲ್ಲ. ಇನ್ನು ನಮ್ಮವರಿಗೆ ಪರಿಚಯದ ಜಾಗಗಳೂ ಇವೆ. ಗೊದೌಲಿಯಾದಿಂದ ಸೋನಾರ್‌ಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಜಂಗಮವಾಡಿ ಮಠ ಸಿಗುತ್ತದೆ. ಇನ್ನೂ ಮುಂದೆ ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟಿನ ನಡುವೆ ನದಿಯ ಬದಿಗೆ ಕರ್ನಾಟಕ ಘಾಟ್ ಇದೆ. ಹಿಂದೆ ಮೈಸೂರು ಘಾಟ್ ಅನ್ನುತ್ತಿದ್ದದ್ದು ಇದನ್ನೇ. ಕೇದಾರ ಘಾಟಿನ ಸುತ್ತಮುತ್ತ ಓಡಾಡಿದರೆ ತಮಿಳು, ತೆಲುಗು ಕಿವಿಗೆ ಬೀಳುತ್ತದೆ. ಇಡ್ಲಿಯೂ ಸಿಗುತ್ತದೆ. ಅಮ್ಮನಿಗೆ ಅದು ಗಂಗೆಯಷ್ಟೇ ಸಮಾಧಾನ ಕೊಟ್ಟಿತು.

ಎರಡನೇ ಹೆಜ್ಜೆ: ನೀವು ಇಳಿಯುವುದು ಯಾವ ಸ್ಟೇಷನ್?

ಇದು ಸಿಲ್ಲಿ ಪ್ರಶ್ನೆ ಅನ್ನಿಸಬಹುದು. ಅಲ್ಲ. ‘ಕಾಶಿ’ ಅಂದರೆ ಒಂದೇ ಸ್ಟೇಷನ್ ಅಲ್ಲ.

ದೊಡ್ಡದು ವಾರಾಣಸಿ ಜಂಕ್ಷನ್, ಕೋಡ್ ಬಿಎಸ್‌ಬಿ. ಊರಿನವರು ಇದನ್ನು ಕ್ಯಾಂಟ್ ಅನ್ನುತ್ತಾರೆ. ಆಟೋದವರಿಗೆ ‘ಕ್ಯಾಂಟ್ ಸ್ಟೇಷನ್’ ಅಂದರೇ ಅರ್ಥವಾಗುವುದು. ಎರಡನೆಯದು ಬನಾರಸ್, ಕೋಡ್ ಬಿಎಸ್‌ಬಿಎಸ್. 2021ರವರೆಗೆ ಇದರ ಹೆಸರು ಮಂಡುವಾಡೀಹ್ ಅಂತಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಎರಡೂ ಕೋಡುಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ನಿಮ್ಮನ್ನು ಕರೆದೊಯ್ಯಲು ಬಂದ ಡ್ರೈವರ್ ಒಂದರಲ್ಲಿ, ನೀವು ಇನ್ನೊಂದರಲ್ಲಿ, ಹೀಗಾಗುವುದು ಸುಲಭ. ಇವೆರಡಲ್ಲದೆ ವಾರಾಣಸಿ ಸಿಟಿ ಮತ್ತು ‘ಕಾಶಿ’ ಅನ್ನುವ ಹೆಸರಿನದೇ ಇನ್ನೊಂದು ಸ್ಟೇಷನ್ ಬೇರೆ ಇವೆ. ಬೋರ್ಡಿನಲ್ಲಿ ಕಾಶಿ ಅಂತ ಕಂಡ ಕೂಡಲೇ ಭಕ್ತಿಯಿಂದ ಇಳಿದುಬಿಡಬೇಡಿ.

ಕರ್ನಾಟಕದವರು ಜಾಸ್ತಿ ಇಳಿಯುವ ಇನ್ನೊಂದು ಸ್ಟೇಷನ್ ಇದೆ. ಅದು ಕಾಶಿಯಲ್ಲೇ ಇಲ್ಲ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ವಾರಾಣಸಿಯೊಳಗೆ ಬರುವುದಿಲ್ಲ. ಅದು ನಿಲ್ಲುವುದು ಗಂಗೆಯ ಆಚೆ ದಡದ ಕಡೆ, ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ. ಕೋಡ್ ಡಿಡಿಯು. 2018ರವರೆಗಿನ ಮೊಘಲ್‌ಸರಾಯ್. ಅಲ್ಲಿಂದ ಕಾಶಿಯ ಒಳಗೆ ಸುಮಾರು ಹದಿನೈದರಿಂದ ಹದಿನೆಂಟು ಕಿಲೋಮೀಟರ್. ಮೈಸೂರಿನಿಂದ ವಾರಾಣಸಿಗೆ ನೇರ ರೈಲೂ ಇದೆ, ಆದರೆ ದಿನಾ ಓಡುವುದಿಲ್ಲ. ದಿನ ಹೊಂದಿಸಿಕೊಳ್ಳಲು ಆಗುವುದಾದರೆ ಅದೇ ವಾಸಿ.

ಡಿಡಿಯುನಲ್ಲಿ ಇಳಿಯುವವರಿಗೆ ಒಂದು ಗುಟ್ಟು. ಅಲ್ಲಿಂದ ಊರಿಗೆ ಎರಡು ದಾರಿ ಇವೆ. ಒಂದು ರಾಜ್‌ಘಾಟಿನ ಮಾಳವೀಯ ಸೇತುವೆ. 1887ರ ಹಳೆಯ ಸೇತುವೆ ಅದು. ಕೆಳಗೆ ರೈಲು, ಮೇಲೆ ರಸ್ತೆ. ನೋಡಲು ಚಂದ, ಟ್ರಾಫಿಕ್ ಕಟ್ಟಿಕೊಂಡರೆ ಅಷ್ಟೇ ಕಷ್ಟ. ಇನ್ನೊಂದು ರಾಮನಗರದ ಮೇಲೆ ಬಂದು ಸಾಮನೆ ಘಾಟಿನ ಸೇತುವೆ ದಾಟುವ ದಾರಿ. ನಿಮ್ಮ ಹೋಟೆಲ್ ಅಸ್ಸಿ ಅಥವಾ ಅದರ ಹತ್ತಿರದ ಲಂಕಾ ಅನ್ನುವ ಬಡಾವಣೆಯ ಕಡೆ ಇದ್ದರೆ ‘ರಾಮನಗರ್ ಹೋಕರ್ ಚಲಿಯೇ’ (ರಾಮನಗರದ ಮೇಲೆ ಹೋಗಿ) ಅನ್ನಿ. ಊರಿನ ನಡುಭಾಗದ ಗಿಜಿಗಿಜಿ ಪೂರಾ ತಪ್ಪುತ್ತದೆ. ಇಷ್ಟು ದೂರಕ್ಕೆ ಕುಟುಂಬ ಸಮೇತ ಆಟೋ ಬೇಡ, ಕಾರೇ ಮಾಡಿ. ಶೇರ್ ಆಟೋಗಳು ಸಿಗುತ್ತವೆ, ಆದರೆ ಏಳು ಬ್ಯಾಗನ್ನು ಅವರು ಏಳು ಸವಾರಿ ಅಂತಲೇ ನೋಡುತ್ತಾರೆ.

ಮೂರನೇ ಹೆಜ್ಜೆ: ಮನೆಯಲ್ಲೇ ಬ್ಯಾಗು ಎಣಿಸಿ

ರೈಲ್ವೆಯವರ ಲೆಕ್ಕದಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ತಲಾ 40 ಕಿಲೋ, ಸೆಕೆಂಡ್ ಎಸಿಯಲ್ಲಿ 50 ಕಿಲೋ ಉಚಿತ. ಅಷ್ಟು ಒಯ್ಯಬಹುದು ಅಂತ ಅಷ್ಟೂ ತುಂಬಬೇಡಿ. ಕಾಶಿಯ ಲೆಕ್ಕ ಕಿಲೋದ್ದಲ್ಲ, ಕೈಯದ್ದು. ಭಾರ ಹೊರಬಲ್ಲ ದೊಡ್ಡವರು ಇಬ್ಬರಿದ್ದರೆ ಬೆನ್ನಿಗೆ ಒಂದೊಂದು, ಕೈಗೆ ಒಂದೊಂದು, ಒಟ್ಟು ನಾಲ್ಕು. ಅದಕ್ಕಿಂತ ಜಾಸ್ತಿ ಆದರೆ ಮಕ್ಕಳ ಕೈ ಹಿಡಿಯಲು ಯಾರ ಕೈಯೂ ಖಾಲಿ ಇರುವುದಿಲ್ಲ.

ಟ್ರಾಲಿ ಬ್ಯಾಗಿನ ಮೋಹ ಬಿಡಿ. ಗಲ್ಲಿಯ ನೆಲ ಕಲ್ಲು ಹಾಸಿದ್ದು. ಸಂದಿ, ಚರಂಡಿ ಮುಚ್ಚಳ, ಸಗಣಿ, ನಡುನಡುವೆ ಎರಡು ಮೂರು ಮೆಟ್ಟಿಲು. ಸಣ್ಣ ಚಕ್ರ ಅಲ್ಲಿ ಉರುಳುವುದಿಲ್ಲ, ಎಳೆದುಕೊಂಡು ಹೋಗಬೇಕು. ಹೆಗಲಿಗೆ ಹಾಕುವ ಬ್ಯಾಗೇ ಸರಿ. ಇಲ್ಲದಿದ್ದರೆ ತಲೆಯ ಮೇಲೆ ಹೊರಬಹುದಾದ ಮೆತ್ತನೆಯ ಬಟ್ಟೆ ಬ್ಯಾಗು. ಕೂಲಿಯವರಿಗೂ ಅದೇ ಇಷ್ಟ.

ತಿಂಡಿ ಬ್ಯಾಗು ಅಂತ ಒಂದು ಇರುತ್ತದಲ್ಲ, ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿ ತುಂಬಿದ್ದು? ಅದು ಇಳಿಯುವ ಹೊತ್ತಿಗೆ ಖಾಲಿಯಾಗುವಂತೆ ಲೆಕ್ಕ ಹಾಕಿ. ಖಾಲಿಯಾದ ಮೇಲೆ ಮಡಚಿ ಇನ್ನೊಂದರೊಳಗೆ ತುರುಕಿ.

ಎಲ್ಲ ಬ್ಯಾಗಿಗೂ ಒಂದೇ ಬಣ್ಣದ ರಿಬ್ಬನ್ನು ಕಟ್ಟಿ. ನಾವು ಹಳೆ ಸೀರೆಯ ಅಂಚು ಹರಿದು ಕಟ್ಟಿದ್ದೆವು. ದೊಡ್ಡ ಮಗಳಿಗೆ ಎಣಿಸುವ ಕೆಲಸ. ‘ಎಲ್ಲವೂ ಬಂತು’ ಅಂತ ಅವಳು ಹೇಳಿದ ಮೇಲೆಯೇ ಗಾಡಿ ಹೊರಡಬೇಕು.

ನಾಲ್ಕನೇ ಹೆಜ್ಜೆ: ಇಳಿಯುವ ಒಂದು ಗಂಟೆ ಮುಂಚೆ

ಹೋಟೆಲಿಗೆ ಫೋನ್ ಮಾಡಿ, ಲೊಕೇಶನ್ ಮತ್ತೊಮ್ಮೆ ಕಳಿಸಲು ಹೇಳಿ. ನಿಮಗೆ ಬೇಕಾದ್ದು ಎರಡು ಪಿನ್. ಒಂದು ಹೋಟೆಲಿನದು, ಒಂದು ಆಟೋ ನಿಲ್ಲುವ ಜಾಗದ್ದು. ಗಲ್ಲಿಯೊಳಗೆ ಮ್ಯಾಪು ದಾರಿ ತಪ್ಪಿಸುತ್ತದೆ. ಎರಡೂ ಕಡೆ ಎತ್ತರದ ಮನೆಗಳಿರುವಾಗ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರಿರುತ್ತದೆ. ಹೋಟೆಲಿನ ಹೆಸರು, ಘಾಟಿನ ಹೆಸರು, ಫೋನ್ ನಂಬರು ಒಂದು ಚೀಟಿಯಲ್ಲಿ ಹಿಂದಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಥರದ ಹೆಸರಿನ ಗೆಸ್ಟ್ ಹೌಸ್‌ಗಳು ಅಲ್ಲಿ ಬಹಳ.

ಸ್ಟೇಷನ್ನಿನಿಂದ ಆಟೋಗೆ ಎಷ್ಟು ಕೊಡಬೇಕು ಅಂತಲೂ ಅವರನ್ನೇ ಕೇಳಿ. ಅದೇ ನಿಮ್ಮ ಅಳತೆಗೋಲು.

ಡಿಸೆಂಬರ್, ಜನವರಿಯಲ್ಲಿ ಹೋಗುವವರು ಗಮನಿಸಿ. ಮಂಜು ಕವಿದರೆ ಆ ಕಡೆಯ ರೈಲುಗಳು ಗಂಟೆಗಟ್ಟಲೆ ತಡ. ಬೆಳಿಗ್ಗೆ ಇಳಿಯಬೇಕಾದವರು ರಾತ್ರಿ ಇಳಿಯಬಹುದು. ಪಿಕಪ್ ಗಾಡಿಗೆ ಮುಂಗಡ ಪೂರ್ತಿ ಕೊಟ್ಟಿರಬೇಡಿ. ಶಾಲು, ಸ್ವೆಟರ್ ಬ್ಯಾಗಿನ ಮೇಲ್ಗಡೆಯೇ ಇರಲಿ. ಬೆಂಗಳೂರಿನ ಚಳಿ ಅಂದುಕೊಂಡು ಹೋದರೆ ಪ್ಲಾಟ್‌ಫಾರ್ಮಿನಲ್ಲೇ ನಡುಗುತ್ತೀರಿ.

ಐದನೇ ಹೆಜ್ಜೆ: ಪ್ಲಾಟ್‌ಫಾರ್ಮಿನಲ್ಲಿ ಅವಸರ ಬೇಡ

ಒಬ್ಬರು ಮೊದಲು ಇಳಿಯಿರಿ, ಒಬ್ಬರು ಒಳಗಿನಿಂದ ಬ್ಯಾಗು ಕೊಡಿ, ಅಮ್ಮ ಮಕ್ಕಳು ಕೊನೆಗೆ. ಇಳಿದ ಮೇಲೆ ಕಂಬದ ಪಕ್ಕ ಗುಂಪಾಗಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ನೂಕುನುಗ್ಗಲು ತಾನೇ ಕರಗುತ್ತದೆ.

ಕೂಲಿ ಮಾಡುವುದಾದರೆ ಕೆಂಪಂಗಿ ಮತ್ತು ತೋಳಿನ ಬಿಲ್ಲೆ ಎರಡೂ ನೋಡಿ. ಬಿಲ್ಲೆಯ ನಂಬರ್ ಫೋಟೋ ತೆಗೆದುಕೊಳ್ಳಿ. ದರ ಮೊದಲೇ ಮಾತಾಡಿ. ‘ಸಬ್ ಸಾಮಾನ್ ಮಿಲಾಕೆ, ಆಟೋ ತಕ್, ಕಿತ್ನಾ?’ ಎಲ್ಲ ಸಾಮಾನು ಸೇರಿ, ಆಟೋವರೆಗೆ, ಎಷ್ಟು ಅಂತ. ಈ ಒಂದು ವಾಕ್ಯ ಸಾಕು. ‘ಆಟೋ ತಕ್’ ಅನ್ನುವುದು ಮುಖ್ಯ. ಇಲ್ಲದಿದ್ದರೆ ಬಾಗಿಲಲ್ಲಿ ಇಳಿಸಿ ಕೈ ಚಾಚುತ್ತಾರೆ. ಅಮ್ಮನ ಮಂಡಿ ನೋವಿಗೆ ಕೂಲಿಯ ದುಡ್ಡು ಜಾಸ್ತಿ ಅಲ್ಲ ಅಂತ ನಾನು ಎರಡನೇ ಸಲ ಚೌಕಾಸಿ ಮಾಡಲಿಲ್ಲ.

ಕ್ಯಾಂಟ್ ಸ್ಟೇಷನ್ನಿಗೆ ಎರಡು ಕಡೆ ಬಾಗಿಲಿದೆ. ಗುಡಿಯ ಆಕಾರದ ದೊಡ್ಡ ಕಟ್ಟಡ, ನೆತ್ತಿಯ ಮೇಲೆ ಚಕ್ರ, ಅದು ಊರಿನ ಕಡೆಯದು. ಘಾಟುಗಳ ಕಡೆ ಹೋಗುವವರು ಅಲ್ಲೇ ಹೊರಬರಬೇಕು. ಹಿಂದಿನ ಬಾಗಿಲು ಕಂಟೋನ್ಮೆಂಟಿನ ದೊಡ್ಡ ಹೋಟೆಲುಗಳಲ್ಲಿ ಉಳಿಯುವವರಿಗೆ. ಅವರಿಗೆ ಈ ಲೇಖನದ ಅರ್ಧ ಭಾಗ ಬೇಕಿಲ್ಲ, ಕಾರು ಬಾಗಿಲಿಗೇ ಹೋಗುತ್ತದೆ.

ಆರನೇ ಹೆಜ್ಜೆ: ಆಟೋ ಹಿಡಿಯುವುದು

ಬಾಗಿಲು ದಾಟಿದ ಕೂಡಲೇ ನಾಲ್ಕೈದು ಜನ ಮುತ್ತಿಕೊಳ್ಳುತ್ತಾರೆ. ಯಾವ ಹೋಟೆಲ್ ಅಂತ ಕೇಳುತ್ತಾರೆ. ಹೆಸರು ಹೇಳಿದಿರೋ, ‘ಅದು ಮುಚ್ಚಿದೆ’, ‘ಅಲ್ಲಿ ರಿಪೇರಿ ನಡೀತಿದೆ’, ‘ಆ ಗಲ್ಲಿಗೆ ನೀರು ನುಗ್ಗಿದೆ’ ಅಂತ ಶುರು. ಅವರಿಗೆ ಕಮಿಷನ್ ಕೊಡುವ ಬೇರೆ ಹೋಟೆಲಿಗೆ ಒಯ್ಯುವ ಉಪಾಯ ಅದು. ಹೋಟೆಲಿನ ಹೆಸರು ಹೇಳಲೇಬೇಡಿ. ಇಳಿಯುವ ಜಾಗದ ಹೆಸರು ಹೇಳಿ: ‘ಗೊದೌಲಿಯಾ’, ‘ಸೋನಾರ್‌ಪುರ’, ‘ಅಸ್ಸಿ’. ಸಾಕು.

ಎರಡು ಪದ ಕಲಿತಿರಿ. ‘ಸವಾರಿ’ ಅಂದರೆ ತಲೆಗಿಷ್ಟು ಅನ್ನುವ ಶೇರ್ ಲೆಕ್ಕ. ‘ರಿಸರ್ವ್’ ಅಂದರೆ ಪೂರ್ತಿ ಗಾಡಿ. ಮಾತು ಮುಗಿಸುವಾಗ ‘ಪೂರಾ ಆಟೋ, ಸಾಮಾನ್ ಕೆ ಸಾಥ್, ಟೋಟಲ್’ ಅಂತ ಹೇಳಿ, ಬೆರಳಲ್ಲಿ ತೋರಿಸಿ, ಆಮೇಲೆ ಹತ್ತಿ. ನಮ್ಮ ಮೊದಲ ಸಲದ ಜಗಳವೆಲ್ಲ ಇದರದೇ. ನಾವು ಒಟ್ಟು ಅಂದುಕೊಂಡಿದ್ದೆವು, ಅವನು ತಲೆಗೆ ಅಂದುಕೊಂಡಿದ್ದ. ಇಳಿದ ಮೇಲೆ ಬ್ಯಾಗು ಅವನ ಕೈಯಲ್ಲಿ, ನ್ಯಾಯ ಎಲ್ಲಿಂದ ಸಿಗಬೇಕು?

ಬ್ಯಾಟರಿ ರಿಕ್ಷಾ ಅಲ್ಲಿ ಎಲ್ಲೆಲ್ಲೂ ಇದೆ, ಟೋಟೋ ಅನ್ನುತ್ತಾರೆ. ಅಗ್ಗ, ಆದರೆ ಸಾಮಾನು ಇಟ್ಟರೆ ಕಾಲಿಡಲು ಜಾಗವಿಲ್ಲ. ಪಕ್ಕ ತೆರೆದೇ ಇರುವುದರಿಂದ ಬ್ಯಾಗು ಜಾರುತ್ತದೆ, ಮಗುವೂ ಜಾರಬಹುದು. ಐದು ಜನರಿದ್ದರೆ ಆಪ್‌ನಲ್ಲಿ ಕಾರು ತರಿಸಿ. ಓಲಾ, ಊಬರ್ ಎರಡೂ ಅಲ್ಲಿ ಓಡುತ್ತವೆ. ಸ್ಟೇಷನ್ನಿನ ಗದ್ದಲದಿಂದ ಸ್ವಲ್ಪ ಈಚೆ ಬಂದು, ಒಂದು ಗುರುತಿನ ಅಂಗಡಿ ಮುಂದೆ ನಿಂತು ಬುಕ್ ಮಾಡಿ.

ಕ್ಯಾಂಟ್‌ನಿಂದ ಗೊದೌಲಿಯಾ ನಾಲ್ಕೈದು ಕಿಲೋಮೀಟರ್ ಅಷ್ಟೇ. ಆದರೆ ಸಂಜೆ ದಶಾಶ್ವಮೇಧದ ಗಂಗಾರತಿಯ ಹೊತ್ತಿಗೆ ಆ ಕಡೆಯ ರಸ್ತೆಗಳು ಕಾಲಿಡದಷ್ಟು ತುಂಬುತ್ತವೆ. ಐದು ಗಂಟೆಯಿಂದ ಎಂಟರವರೆಗೆ ಬ್ಯಾಗು ಹಿಡಿದು ಅಲ್ಲಿಗೆ ಹೋಗಲೇಬೇಡಿ. ನಸುಕಿನಲ್ಲಿ ಬಂದರೆ ತಡೆ ಕಡಿಮೆ, ಆಟೋ ಸಾಮಾನ್ಯವಾಗಿ ಇನ್ನಷ್ಟು ಒಳಗೆ ಬರುತ್ತದೆ. ನಡುರಾತ್ರಿ ಇಳಿದವರು ಮಾತ್ರ ವೇಟಿಂಗ್ ರೂಮಿನಲ್ಲಿ ಕೂತು ಬೆಳಕು ಹರಿಯಲು ಬಿಡಿ.

ಶಿವರಾತ್ರಿ, ಶ್ರಾವಣದ ಸೋಮವಾರ, ಕಾರ್ತಿಕ ಪೂರ್ಣಿಮೆಯ ದೇವ್ ದೀಪಾವಳಿ, ಈ ದಿನಗಳಲ್ಲಿ ಗಾಡಿಗಳನ್ನು ಬಹಳ ದೂರದಲ್ಲೇ ತಡೆಯುತ್ತಾರೆ. ಹಬ್ಬ ನೋಡಲೆಂದೇ ಹೋಗುವವರು ಒಂದು ದಿನ ಮುಂಚೆ ಸೇರಿಕೊಳ್ಳಿ.

ಕ್ಯಾಂಟ್‌ನಿಂದ ಗೊದೌಲಿಯಾಕ್ಕೆ ರೋಪ್‌ವೇ ಯೋಜನೆ ಇದೆ, 2023ರ ಮಾರ್ಚಿನಲ್ಲಿ ಶಂಕುಸ್ಥಾಪನೆ ಆಯಿತು. ಮಕ್ಕಳು ಅದರ ಆಸೆ ಹಿಡಿಯುತ್ತಾರೆ. ಆದರೆ ಅದೂ ಗಲ್ಲಿಯೊಳಗೆ ಇಳಿಸುವುದಿಲ್ಲವಲ್ಲ.

ಏಳನೇ ಹೆಜ್ಜೆ: ಗಲ್ಲಿ

ಆಟೋ ನಿಂತ ಮೇಲೆ ಹಣ ಕೊಡುವ ಮುಂಚೆ ಬ್ಯಾಗು ಎಣಿಸಿ. ಹೋಟೆಲಿಗೆ ಫೋನ್ ಮಾಡಿ, ‘ಇಂಥ ಅಂಗಡಿ ಮುಂದೆ ಇದ್ದೇವೆ’ ಅನ್ನಿ. ಹುಡುಗ ಬರುವವರೆಗೆ ಕದಲಬೇಡಿ. ಅಮ್ಮನನ್ನು ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿ. ಕುಲ್ಹಡ್ ಅನ್ನುವ ಮಣ್ಣಿನ ಲೋಟದಲ್ಲಿ ಚಹಾ ಕುಡಿಯಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ.

ಹುಡುಗ ಬರುವುದಿಲ್ಲ ಅಂತಾದರೆ ಎರಡು ಸರತಿ ಮಾಡಿ. ಒಬ್ಬರು ಎರಡು ಬ್ಯಾಗಿನೊಂದಿಗೆ ಹೋಟೆಲ್ ಹುಡುಕಿಕೊಂಡು ಹೋಗಿ, ದಾರಿ ನೋಡಿ, ಅಲ್ಲಿಂದ ಆಳು ಕರೆದುಕೊಂಡು ಬರಲಿ. ಎಲ್ಲರೂ ಒಟ್ಟಿಗೆ ಹೊರಟು ದಾರಿ ತಪ್ಪುವುದಕ್ಕಿಂತ ಇದು ಬೇಗ. ಗೊದೌಲಿಯಾ ಸುತ್ತ ತಳ್ಳುಗಾಡಿಯವರೂ ಸಿಗುತ್ತಾರೆ. ವಯಸ್ಸಾದವರನ್ನು ವೀಲ್‌ಚೇರಿನಲ್ಲಿ ಗುಡಿಯ ಕಡೆ ತಳ್ಳಿಕೊಂಡು ಹೋಗುವವರೂ ಇರುತ್ತಾರೆ, ದರ ಮೊದಲೇ ಮಾತಾಡಿ.

ನಡೆಯುವಾಗ ಒಬ್ಬರ ಹಿಂದೆ ಒಬ್ಬರು. ಮುಂದೆ ಹುಡುಗ, ಆಮೇಲೆ ಮಕ್ಕಳು, ಅಮ್ಮ, ಕೊನೆಗೆ ದೊಡ್ಡವರೊಬ್ಬರು. ಹಿಂದಿನಿಂದ ಬೈಕು ಹಾರ್ನ್ ಹೊಡೆಯುತ್ತದೆ, ಮುಂದಿನಿಂದ ಗೂಳಿ ಬರುತ್ತದೆ. ಗೂಳಿ ತನ್ನ ಪಾಡಿಗೆ ತಾನು ಹೋಗುತ್ತದೆ, ಬೈಕಿನವನೇ ಕಷ್ಟ. ಮಣಿಕರ್ಣಿಕಾದ ಕಡೆಯ ಗಲ್ಲಿಗಳಲ್ಲಿ ‘ರಾಮ್ ನಾಮ್ ಸತ್ಯ ಹೈ’ ಕೇಳಿಸಿದರೆ ಬ್ಯಾಗು ಗೋಡೆಗೆ ಒತ್ತಿ, ಮಕ್ಕಳನ್ನು ಪಕ್ಕಕ್ಕೆಳೆದು ನಿಂತುಬಿಡಿ. ಹೆಣ ಹೊತ್ತವರಿಗೆ ದಾರಿ ಬೇಕು. ಮಕ್ಕಳಿಗೆ ಇದನ್ನು ರೈಲಿನಲ್ಲೇ ಹೇಳಿಟ್ಟಿರಿ, ಗಲ್ಲಿಯಲ್ಲಿ ನಿಂತು ವಿವರಿಸಲು ಆಗುವುದಿಲ್ಲ.

ಕೆಲವರು ‘ಘಾಟಿನ ಮೇಲಿಂದ ನಡೆದು ಬನ್ನಿ, ಹತ್ತಿರ’ ಅನ್ನುತ್ತಾರೆ. ದೋಣಿಯಲ್ಲಿ ಬನ್ನಿ ಅನ್ನುವವರೂ ಇದ್ದಾರೆ. ಕೇಳಲು ಚೆನ್ನ. ಆದರೆ ಘಾಟಿನಿಂದ ಹೋಟೆಲಿಗೆ ಹತ್ತಬೇಕಾದ ಮೆಟ್ಟಿಲುಗಳನ್ನು ಒಮ್ಮೆ ಫೋಟೋದಲ್ಲಿ ನೋಡಿ. ಅದೂ ಮಳೆಗಾಲದಲ್ಲಿ ಗಂಗೆ ಏರಿದಾಗ ಕೆಳಗಿನ ಮೆಟ್ಟಿಲುಗಳೇ ಮುಳುಗಿರುತ್ತವೆ. ಒಂದು ಘಾಟಿನಿಂದ ಇನ್ನೊಂದಕ್ಕೆ ದಡದಲ್ಲಿ ನಡೆಯಲು ಬರುವುದಿಲ್ಲ, ದೋಣಿಗಳನ್ನೂ ನಿಲ್ಲಿಸುತ್ತಾರೆ.

ಬೇಗ ಬಂದುಬಿಟ್ಟರೆ, ಮತ್ತೆ ಹೊರಡುವಾಗ

ಬೆಳಿಗ್ಗೆ ಆರಕ್ಕೆ ಬಂದರೆ ರೂಮು ಹನ್ನೊಂದಕ್ಕೋ ಹನ್ನೆರಡಕ್ಕೋ ಸಿಗುತ್ತದೆ. ಬ್ಯಾಗು ಹೋಟೆಲಿನಲ್ಲಿಟ್ಟು, ಒಂದು ಜೊತೆ ಬಟ್ಟೆ ಮಾತ್ರ ತೆಗೆದುಕೊಂಡು ಸ್ನಾನಕ್ಕೆ ಹೋಗಿ. ಆ ಒಂದು ಜೊತೆಯನ್ನು ಮೊದಲೇ ಬೇರೆ ಚೀಲದಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ರಿಸೆಪ್ಷನ್ನಿನ ನೆಲದ ಮೇಲೆ ಎಲ್ಲ ಬ್ಯಾಗೂ ಬಿಚ್ಚಬೇಕಾಗುತ್ತದೆ. ವಿಶ್ವನಾಥನ ಗುಡಿಗೆ ನೇರವಾಗಿ ಸಾಮಾನಿನೊಂದಿಗೆ ಹೋಗುವ ಯೋಚನೆ ಬೇಡ. ಬ್ಯಾಗು, ಮೊಬೈಲು ಒಳಗೆ ಬಿಡುವುದಿಲ್ಲ.

ಹೊರಡುವ ದಿನ ರಾತ್ರಿ ರೈಲಾದರೆ ಸ್ಟೇಷನ್ನಿನ ಕ್ಲೋಕ್ ರೂಮ್ ಉಪಯೋಗಕ್ಕೆ ಬರುತ್ತದೆ. ಬ್ಯಾಗಿಗೆ ಬೀಗ ಹಾಕಿರಲೇಬೇಕು, ಟಿಕೆಟ್ ತೋರಿಸಬೇಕು. ಬೀಗ ಮನೆಯಿಂದಲೇ ತನ್ನಿ. ಸಂಜೆ ಆರತಿಗೆ ಮುಂಚೆಯೇ ಸಾಮಾನನ್ನು ಗಲ್ಲಿಯಿಂದ ಹೊರಗೆ ದಾಟಿಸಿ. ಡಿಡಿಯುನಿಂದ ರೈಲಿದ್ದರೆ ಹೋಟೆಲಿನಿಂದ ಮೂರು ಗಂಟೆ ಮುಂಚೆ ಹೊರಟರೂ ಬೇಗ ಆಯಿತು ಅಂದುಕೊಳ್ಳಬೇಡಿ.

ಮತ್ತೆ ಬ್ಯಾಗು ಎಣಿಸಿ. ಬರುವಾಗ ಇದ್ದದ್ದಕ್ಕಿಂತ ಒಂದೆರಡು ಜಾಸ್ತಿ ಇರುತ್ತದೆ. ಸೀರೆ, ಹಿತ್ತಾಳೆ ಸಾಮಾನು, ನೆರೆಮನೆಯವರೆಲ್ಲ ಹೇಳಿಕಳಿಸಿದ ಗಂಗಾಜಲ. ಗಂಗಾಜಲಕ್ಕೆ ಘಾಟಿನಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಕ್ಯಾನು ನಂಬಬೇಡಿ. ಮುಚ್ಚಳಕ್ಕೆ ಟೇಪು ಸುತ್ತಿ, ನೆಟ್ಟಗೆ ನಿಲ್ಲಿಸಿ ಸೀಟಿನ ಕೆಳಗಿಡಿ. ನಮ್ಮದು ಇಟಾರ್ಸಿ ಬರುವಷ್ಟರಲ್ಲಿ ಅರ್ಧ ಸೋರಿ, ಎದುರು ಬರ್ತಿನವರ ಚಪ್ಪಲಿಗಳೆಲ್ಲ ತೀರ್ಥಸ್ನಾನ ಮಾಡಿದ್ದವು.